ಮಿಷನ್ ಬಾಯಿಗೆ ಹಾಕಿದ ಗಂಟು

ಇದು ನನಗೇ ಆಗಿದ್ದು. ಯಾರೋ ಹೇಳಿದ್ದನ್ನು ಕೇಳಿ ಬರೆಯುತ್ತಿಲ್ಲ, ಕನಸೂ ಅಲ್ಲ. ನಂಬದವರು ಇಲ್ಲೇ ಓದುವುದು ನಿಲ್ಲಿಸಿ, ನನಗೇನೂ ಬೇಜಾರಿಲ್ಲ. ಅವತ್ತು ನನ್ನ ಜೊತೆ ಇದ್ದ ರತ್ನಮ್ಮ ಇವತ್ತಿಗೂ ಈ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಾಳೆ. ಅವಳು ಸುಮ್ಮಸುಮ್ಮನೆ ಹೆದರುವ ಹೆಂಗಸಲ್ಲ.

ನನ್ನ ಹೆಸರು ಜಯಮ್ಮ. ಶಿರಾದಿಂದ ಮಧುಗಿರಿಗೆ ಹೋಗುವ ರಸ್ತೆಯಲ್ಲಿ ನಮ್ಮೂರು. ನಮ್ಮ ಹೆಂಗಸರ ಸಂಘಕ್ಕೆ ಒಂದು ಚಿಪ್ಪರ್ ಮಿಷನ್ ಇದೆ. ನೋಡದವರಿಗೆ ಹೇಳುತ್ತೇನೆ, ಅದು ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಸುವ ಮಿಷನ್. ಒಂದು ಕಡೆ ಅಗಲವಾದ ಬಾಯಿ. ಕೊಂಬೆ, ತೆಂಗಿನ ಗರಿ, ಬೇಲಿ ಸವರಿದ ಕಸ, ಏನು ಕೊಟ್ಟರೂ ರೋಲರ್ ಒಳಗೆ ಎಳೆದುಕೊಳ್ಳುತ್ತದೆ. ಒಳಗೆ ಭಾರದ ಚಕ್ರ, ಚಕ್ರಕ್ಕೆ ಬ್ಲೇಡು. ಇನ್ನೊಂದು ಕಡೆಯ ಸೊಂಡಿಲಿನಿಂದ ಎಲ್ಲ ಚೂರು ಚೂರಾಗಿ ಹಾರಿ ಬೀಳುತ್ತದೆ. ಮೊದಲು ಬೆಂಕಿ ಇಡುತ್ತಿದ್ದ ಕಸವನ್ನು ಈಗ ತೋಟದವರು ಹೀಗೆ ಚೂರು ಮಾಡಿಸಿ ಗಿಡದ ಬುಡಕ್ಕೆ ಹಾಸುತ್ತಾರೆ. ಬಿಸಿಲಿಗೆ ತೇವ ಆರುವುದಿಲ್ಲ.

ಟ್ರ್ಯಾಕ್ಟರ್ ಓಡಿಸುವವಳು ನಾನು. ಬಾಯಿಗೆ ಕೊಂಬೆ ಕೊಡುವವಳು ರತ್ನಮ್ಮ. ಮಧುಗಿರಿ, ಕೊರಟಗೆರೆ, ಪಾವಗಡ... ಯಾವ ಕಡೆ ಕರೆದರೂ ಹೋಗುತ್ತಿದ್ದೆವು. ಹೋದ ಕಡೆಯೆಲ್ಲ ಮೊದಲ ಅರ್ಧ ಗಂಟೆ ಜನ ನಿಂತು ನಮ್ಮನ್ನೇ ನೋಡುತ್ತಿದ್ದರು, ಕೋತಿ ಕುಣಿಸುವವರು ಬಂದ ಹಾಗೆ. ನನಗೆ ಅದು ಉರಿ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಆ ಸಿಟ್ಟಿನಿಂದಲೇ ಇಷ್ಟೆಲ್ಲ ಆಗಿದ್ದು ಅಂತ ಈಗ ಅನ್ನಿಸುತ್ತದೆ.

ಕಳೆದ ಯುಗಾದಿ ಕಳೆದು ಹತ್ತು ಹನ್ನೆರಡು ದಿನ ಆಗಿರಬೇಕು. ಮದಲೂರು ಕೆರೆ ದಾಟಿ ಮುಂದೆ ಒಂದು ದಾಳಿಂಬೆ ತೋಟಕ್ಕೆ ಕರೆದಿದ್ದರು. ಆ ಊರಿನ ಹೆಸರು ಬೇಡ. ತೋಟದ ಯಜಮಾನನನ್ನು ತಿಪ್ಪೇಸ್ವಾಮಿ ಅಂತ ಇಟ್ಟುಕೊಳ್ಳಿ. ತೋಟದ ಅಂಚಿನಲ್ಲಿ ಒಂದು ಹಳೇ ಆಲದ ಮರ. ಅದರ ನೆರಳು ದಾಳಿಂಬೆ ಸಾಲಿನ ಮೇಲೆ ಬೀಳುತ್ತದೆ ಅಂತ ಕೆಳಗಿನ ಕೊಂಬೆಗಳನ್ನೆಲ್ಲ ಕಡಿಸಿ ಹಾಕಿದ್ದ. ಆಳೆತ್ತರದ ರಾಶಿ. ಹತ್ತಿರ ಹೋಗಿ ನೋಡಿದರೆ ಆ ರಾಶಿಯ ತುಂಬ ಗಂಟುಗಳು...

ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಪಟ್ಟಣದವರಿಗೆ ಹೇಳುತ್ತೇನೆ. ಹಸು ಕರು ಹಾಕಿದ ಮೇಲೆ ಬೀಳುವ ಮಾಸನ್ನು ನಾವು ತಿಪ್ಪೆಗೆ ಎಸೆಯುವುದಿಲ್ಲ. ಹುಲ್ಲಿನಲ್ಲಿ ಸುತ್ತಿ, ಗೋಣಿಚೀಲದ ತುಂಡಿನಲ್ಲಿ ಗಂಟು ಕಟ್ಟಿ, ಆಲದಂಥ ಹಾಲು ಬರುವ ಮರಕ್ಕೆ ನೇತು ಹಾಕುತ್ತೇವೆ. ನಾಯಿ ನರಿ ಮುಟ್ಟಬಾರದು. ಹಸುವಿನ ಹಾಲು ಬತ್ತಬಾರದು, ಕರು ಉಳಿಯಬೇಕು, ಅದಕ್ಕೆ. ಗಂಟು ಅಲ್ಲೇ ಒಣಗಿ ತಾನಾಗಿ ಉದುರಬೇಕು. ಮರ ಸವರಲೇಬೇಕು ಅಂತಾದರೆ ಮೊದಲು ಗಂಟುಗಳನ್ನು ಬಿಚ್ಚಿ ಬೇರೆ ಮರಕ್ಕೆ ಕಟ್ಟಿ, ಆಮೇಲೆ ಕೊಡಲಿ ಹಾಕುತ್ತಾರೆ.

ತಿಪ್ಪೇಸ್ವಾಮಿ ಅದ್ಯಾವುದನ್ನೂ ಮಾಡಿಸಿರಲಿಲ್ಲ. ಊರಿನ ಆಳುಗಳು ಒಪ್ಪಲಿಲ್ಲವಂತೆ, ಹೊರಗಿನಿಂದ ಆಳು ಕರೆಸಿ ಕಡಿಸಿದ್ದ. ಅದನ್ನು ದೊಡ್ಡ ಸಾಧನೆ ಅನ್ನೋ ಹಾಗೆ ನಮ್ಮ ಮುಂದೆ ಹೇಳಿಕೊಂಡ. ನಾವು ಟ್ರ್ಯಾಕ್ಟರಿನಿಂದ ಇಳಿದಾಗ ಅವನ ಮೊದಲ ಮಾತೇ "ಏನಮ್ಮಾ, ಗಂಡಸ್ರು ಯಾರೂ ಬಂದಿಲ್ವಾ?" ಅಂತ.

"ಮಿಷನ್ನಿಗೆ ಗಂಡಸ್ರು ಹೆಂಗಸ್ರು ಗೊತ್ತಾಗಲ್ಲ ಸ್ವಾಮಿ," ಅಂದೆ. "ಕೈ ಕೊಟ್ರೆ ಯಾರ್ದಾದ್ರೂ ತಿಂತದೆ."

ಅವನು ನಗಲಿಲ್ಲ. ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತ. ಕೆಲಸ ಮುಗಿಯುವವರೆಗೂ ಅಲ್ಲೇ ಕೂತಿದ್ದ.

ನಾಲ್ಕು ಗಂಟೆಗೆ ಶುರು ಮಾಡಿದೆವು. ಮರುದಿನ ಬೆಳಿಗ್ಗೆ ಗೊರವನಹಳ್ಳಿ ಕಡೆ ಒಂದು ತೆಂಗಿನ ತೋಟಕ್ಕೆ ಒಪ್ಪಿಕೊಂಡಿದ್ದೆವು, ಹಾಗಾಗಿ ಅವತ್ತೇ ಮುಗಿಸಲೇಬೇಕಿತ್ತು. ಆಲದ ಕೊಂಬೆ ಕೊಚ್ಚುವುದು ಸುಲಭ ಅಂತ ಅಂದುಕೊಳ್ಳಬೇಡಿ. ಮರ ಮೆದು, ಆದರೆ ಅದರ ಹಾಲು ಬ್ಲೇಡಿಗೆ ಅಂಟಿ ಗೋಂದಿನ ಹಾಗೆ ಹಿಡಿಯುತ್ತದೆ. ಮಿಷನ್ ನಿಲ್ಲಿಸಿ, ಚಕ್ರ ಪೂರ್ತಿ ನಿಂತ ಮೇಲೆ ಮುಚ್ಚಳ ತೆಗೆದು, ಡೀಸೆಲ್ ಬಟ್ಟೆಯಲ್ಲಿ ಒರೆಸಿ ಮತ್ತೆ ಶುರು ಮಾಡಬೇಕು. ಅವತ್ತು ಮೂರು ಸಲ ಹೀಗೆ ಮಾಡಿದೆವು. ಪ್ರತಿ ಸಲ ನಿಲ್ಲಿಸಿದಾಗಲೂ ಕುರ್ಚಿಯಿಂದ ಒಂದು ಮಾತು ಬರುತ್ತಿತ್ತು. ಮಿಷನ್ ಹಳೇದಾ ಅಂತ, ನಮಗೆ ಯಾರು ಕಲಿಸಿದರು ಅಂತ, ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ ಅಂತ.

ಕೊಂಬೆಗಳಲ್ಲಿ ಇದ್ದ ಹಳೇ ಗಂಟುಗಳನ್ನು ರತ್ನಮ್ಮ ಒಂದೊಂದಾಗಿ ಕಿತ್ತು ಪಕ್ಕಕ್ಕೆ ಇಡುತ್ತಿದ್ದಳು. ಒಣಗಿ ತೆಂಗಿನ ಚಿಪ್ಪಿನ ಹಾಗೆ ಗಟ್ಟಿಯಾಗಿದ್ದವು. ಹೋಗುವಾಗ ಮೇಲಿನ ಕೊಂಬೆಗೆ ಕಟ್ಟಿ ಹೋಗೋಣ ಅಕ್ಕ ಅಂದಳು. ನಾನು ಹೂಂ ಅಂದೆ. ಅಲ್ಲಿಯವರೆಗೂ ನಾನು ಸರಿಯಾಗೇ ಇದ್ದೆ.

ಸೂರ್ಯ ಮುಳುಗುವ ಹೊತ್ತಿಗೆ ರಾಶಿ ಖಾಲಿ. ಒಂದೇ ಕೊಂಬೆ ಉಳಿದಿತ್ತು. ಕಡಿದವರು ಅದನ್ನು ಅರ್ಧಂಬರ್ಧ ಕಡಿದು ಬಿಟ್ಟಿದ್ದರು. ತೊಗಟೆಯ ಮೇಲೆ ಜೋತಾಡುತ್ತಾ ತುದಿ ನೆಲ ಮುಟ್ಟುತ್ತಿತ್ತು. ಅದರಲ್ಲಿ ಒಂದು ಗಂಟು. ಹೊಸ ಗೋಣಿ. ಕೆಳಗಿನಿಂದ ತೊಟ್ಟು ತೊಟ್ಟಾಗಿ ಏನೋ ಇಳಿಯುತ್ತಿತ್ತು.

ರತ್ನಮ್ಮ ಮುಟ್ಟಿ ನೋಡಿ ಕೈ ಹಿಂದಕ್ಕೆ ಎಳೆದುಕೊಂಡಳು. "ಇದು ಇವತ್ತಿಂದು ಕಣಕ್ಕ," ಅಂದಳು ಮೆಲ್ಲಗೆ. "ಇನ್ನೂ ಹಸಿ ಐತೆ."

ಕುರ್ಚಿಯಿಂದಲೇ ತಿಪ್ಪೇಸ್ವಾಮಿ ಹೇಳಿದ. ಅದು ಗಂಗಮ್ಮನದು, ತೋಟದ ಆಚೆ ಬದಿಯ ಮನೆಯವಳದು. ಅವಳಿಗಿರುವುದು ಒಂದೇ ಹಸು. ಹಿಂದಿನ ಎರಡು ಸೂಲಿನಲ್ಲೂ ಕರು ಉಳಿಯಲಿಲ್ಲ. ಇವತ್ತು ಬೆಳಿಗ್ಗೆ ಮೂರನೆಯದು ಹುಟ್ಟಿದೆ, ಹೆಣ್ಣುಗರು. ಬೇಡ ಅಂದರೂ ಮಧ್ಯಾಹ್ನ ಬಂದು ಕಟ್ಟಿ ಹೋಗಿದ್ದಾಳೆ. ಉಳಿದ ಕೊಂಬೆಗಳು ಅವಳ ಕೈಗೆ ಎಟುಕಲಿಲ್ಲವಂತೆ.

ನೋಡಿ, ನನಗೆ ಎಲ್ಲ ಗೊತ್ತಾಗಿತ್ತು. ಯಾರ ಗಂಟು, ಯಾವ ಕರುವಿಗಾಗಿ ಕಟ್ಟಿದ್ದು, ಎಲ್ಲ. ಬಿಚ್ಚಿ ಪಕ್ಕಕ್ಕೆ ಇಡಲು ಎರಡು ನಿಮಿಷದ ಕೆಲಸ. ರತ್ನಮ್ಮ ಆಗಲೇ ಗಂಟಿನ ಹಗ್ಗಕ್ಕೆ ಕೈ ಹಾಕಿದ್ದಳು.

"ಯಾಕೆ, ಹೆದರ್ಕೊಂಡ್ರಾ?" ಅಂದ ತಿಪ್ಪೇಸ್ವಾಮಿ. "ಅದಕ್ಕೇ ನಾನು ಗಂಡಸ್ರನ್ನ ಕೇಳಿದ್ದು. ಬುಡಿ ಬುಡಿ, ನಾಳೆ ಬೇರೆಯವ್ರ ಕೈಲಿ ಮಾಡಿಸ್ಕತೀನಿ."

ಅಷ್ಟು ಹೊತ್ತಿನಿಂದ ನುಂಗಿದ್ದೆಲ್ಲ ತಲೆಗೇರಿತು. ಮಚ್ಚು ತಗೊಂಡು ತೊಗಟೆ ಕಡಿದೆ. ರತ್ನಮ್ಮನನ್ನು ಪಕ್ಕಕ್ಕೆ ತಳ್ಳಿದೆ. ಗಂಟಿನ ಸಮೇತ ಆ ಕೊಂಬೆಯನ್ನು ನಾನೇ ಎಳೆದು ಮಿಷನ್ ಬಾಯಿಗೆ ಕೊಟ್ಟೆ.

ಚಿಪ್ಪರಿನ ಸದ್ದು ನನಗೆ ಚೆನ್ನಾಗಿ ಗೊತ್ತು. ದಪ್ಪ ಕೊಂಬೆ ಬಂದರೆ ಕಿರುಚುತ್ತದೆ, ಎಲೆ ಬಂದರೆ ಬುಸುಗುಡುತ್ತದೆ. ಆ ಕೊಂಬೆ ಒಳಗೆ ಹೋಗುವಾಗ ಕಿರುಚಿತು. ಗಂಟು ಬಾಯಿಯ ಅಂಚು ದಾಟಿತು ನೋಡಿ... ಸದ್ದೇ ಇಲ್ಲ. ಇಂಜಿನ್ ಓಡುತ್ತಿದೆ, ಚಕ್ರ ತಿರುಗುತ್ತಿದೆ, ಬಾಯಿಯಿಂದ ಮಾತ್ರ ಏನೂ ಇಲ್ಲ. ನುಂಗಿದ ಹಾಗೆ.

ಆಮೇಲೆ ಸೊಂಡಿಲಿನಿಂದ ಒದ್ದೆ ಚೂರು ಹಾರಿತು. ಗಾಳಿ ಕುರ್ಚಿಯ ಕಡೆಗಿತ್ತು. ತಿಪ್ಪೇಸ್ವಾಮಿಯ ಬಿಳೀ ಅಂಗಿಯ ತುಂಬ ಕೆಂಪು ಕಂದು ಚುಕ್ಕೆ. ಅವನು ಕುರ್ಚಿ ಕೆಡವಿಕೊಂಡು ಎದ್ದ. ಬಾಯಿಗೆ ಬಂದದ್ದು ಬೈದು, ಬೈಕ್ ಹತ್ತಿ ಹೋದವನು ಹೋದ. ಬೇರೆ ದಿನವಾಗಿದ್ದರೆ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ರತ್ನಮ್ಮ ನನ್ನ ಮುಖ ನೋಡಲಿಲ್ಲ.

ವಾಸನೆ ಬಂತು. ರಕ್ತದ್ದು ಅಂದುಕೊಂಡೆ. ಅಲ್ಲ. ಗಿಣ್ಣು ಕಾಯಿಸುವಾಗ ಬರುತ್ತದಲ್ಲ, ಬೆಲ್ಲ ಏಲಕ್ಕಿ ಹಾಕುವ ಮೊದಲು, ಬರೀ ಗಿಣ್ಣುಹಾಲಿನ ಹಸಿ ವಾಸನೆ... ಅದು. ಬಿಸಿಬಿಸಿಯಾಗಿ.

ಗೇರು ಬಿಡಿಸಿ ಇಂಜಿನ್ ಆಫ್ ಮಾಡಿದೆ. ಆಫ್ ಮಾಡಿದರೂ ಒಳಗಿನ ಚಕ್ರ ಭಾರಕ್ಕೆ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಅದು ನಿಲ್ಲುವವರೆಗೆ ಯಾರೂ ಹತ್ತಿರ ಹೋಗಬಾರದು, ಕೈ ಹೋಗುವುದು ಆಗಲೇ. ನಾನು ಯಾವಾಗಲೂ ನೂರು ಎಣಿಸುತ್ತೇನೆ. ನೂರಕ್ಕೆ ಮೊದಲೇ ನಿಲ್ಲುತ್ತದೆ.

ನೂರಾಯಿತು. ಇನ್ನೂರಾಯಿತು.

"ಅಕ್ಕಾ... ನಿಂತಿಲ್ಲ," ಅಂದಳು ರತ್ನಮ್ಮ.

ಕತ್ತಲಾಗಿತ್ತು. ಟ್ರ್ಯಾಕ್ಟರಿನ ದೀಪ ಹಾಕಿದೆ. ಸದ್ದು ಕಿವಿಗೊಟ್ಟು ಕೇಳಿದರೆ ಚಕ್ರದ ಗುಂಯ್ ಅನ್ನುವ ಸದ್ದಲ್ಲ ಅದು. ಒಳಗೆ ಎಳೆದುಕೊಳ್ಳುವುದು, ಹೊರಗೆ ಬಿಡುವುದು. ಮತ್ತೆ ಎಳೆದುಕೊಳ್ಳುವುದು... ಬಾಯಿಯ ಒಳಗಿನಿಂದ ಬೆಚ್ಚನೆ ಗಾಳಿ ನನ್ನ ಮೊಣಕೈಗೆ ತಾಕುತ್ತಿತ್ತು. ನಾನು ಮಿಷನ್ನಿಗೇ ಬೈದೆ, ನಿಲ್ಲೇ ಮುಂಡೇದೇ ಅಂತ. ಹೆದರಿಕೆಯಾದಾಗ ನನಗೆ ಬೈಗುಳವೇ ಬರುವುದು.

ನಿಂತಿತು. ನಿಲ್ಲುವಾಗ ಸೊಂಡಿಲಿನ ತುದಿಯಿಂದ ಒಂದು ಸದ್ದು ಬಂತು. ಸಣ್ಣದು, ಮೂಗಿನಲ್ಲಿ. ಈಗಷ್ಟೇ ಹುಟ್ಟಿದ ಕರು ಗಂಟಲು ಬಿಡಿಸುವ ಹಾಗೆ.

ರತ್ನಮ್ಮ ನನ್ನ ಸೆರಗು ಹಿಡಿದುಕೊಂಡಳು. ಆ ಸದ್ದಿಗೆ ಉತ್ತರ ಬಂತು. ತೋಟದ ಆಚೆಯಿಂದ, ಜೋರಾಗಿ, ಒಂದು ಹಸುವಿನ ಕೂಗು.

ದಾಳಿಂಬೆ ಸಾಲಿನ ಮಧ್ಯದಿಂದ ಅದು ಓಡಿ ಬಂತು. ನಾಟಿ ಹಸು, ಬಿಳಿ ಬಣ್ಣ. ಕೊರಳಲ್ಲಿ ಕಿತ್ತುಹೋದ ಹಗ್ಗದ ತುಂಡು. ನಮ್ಮನ್ನು ನೋಡಲೂ ಇಲ್ಲ. ನೇರ ಹೋಗಿ ಸೊಂಡಿಲಿನ ಕೆಳಗಿನ ಚೂರಿನ ರಾಶಿಯ ಮುಂದೆ ನಿಂತಿತು. ಮೂಸಿತು. ಆಮೇಲೆ ನೆಕ್ಕಲು ಶುರು ಮಾಡಿತು.

ಮೇವು ನೆಕ್ಕುವ ಹಾಗಲ್ಲ. ಈದ ಹಸು ಕರುವನ್ನು ನೆಕ್ಕುವುದನ್ನು ನೋಡಿದ್ದೀರಲ್ಲ... ಬೆನ್ನಿನ ಮೇಲಿಂದ ಕೊರಳವರೆಗೆ, ಮತ್ತೆ ಬೆನ್ನಿನಿಂದ, ನಡುನಡುವೆ ಹೂಂಕರಿಸುತ್ತಾ... ಹಾಗೆ.

ಹಸಿ ಚೂರಿನ ರಾಶಿ ಬಿಸಿಯಾಗುತ್ತದೆ, ಹಬೆ ಬರುತ್ತದೆ. ಅದು ನನಗೆ ಗೊತ್ತು, ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಆದರೆ ಅದಕ್ಕೆ ಒಂದೆರಡು ದಿನ ಬೇಕು. ಆ ರಾಶಿಯಿಂದ ಆಗಲೇ ಹಬೆ ಏಳುತ್ತಿತ್ತು. ಹಸುವಿನ ನಾಲಿಗೆ ಹೋದ ಕಡೆ ರಾಶಿ ಸ್ವಲ್ಪ ಏಳುತ್ತಿತ್ತು, ಸ್ವಲ್ಪ ಇಳಿಯುತ್ತಿತ್ತು. ದೀಪದ ಬೆಳಕಿಗೆ ಹಾಗೆ ಕಂಡಿತು ಅಂತ ನನಗೆ ನಾನೇ ಹೇಳಿಕೊಂಡೆ.

ಗಂಗಮ್ಮ ಬ್ಯಾಟರಿ ಹಿಡಿದು ಏದುಸಿರು ಬಿಡುತ್ತಾ ಬಂದಳು. ಐವತ್ತೈದು ದಾಟಿದ ಹೆಂಗಸು, ಕಡ್ಡಿಯ ಹಾಗಿದ್ದಳು. ಹಸು ನೋಡಿದಳು, ರಾಶಿ ನೋಡಿದಳು, ಮರದಲ್ಲಿ ಕೊಂಬೆ ಇಲ್ಲದ ಜಾಗ ನೋಡಿದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

"ಯಾರೇ ಹಾಕಿದ್ದು?"

"ನಾನೇ ಅಕ್ಕಾ," ಅಂದೆ.

"ಏನಂತ ಗೊತ್ತಿತ್ತಾ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. ಗೊತ್ತಿತ್ತು ಅಂದೆ. ಅವಳು ನನ್ನ ಮುಖದ ಮೇಲೆ ಬ್ಯಾಟರಿ ಬಿಟ್ಟು ಬಹಳ ಹೊತ್ತು ಹಾಗೇ ನೋಡಿದಳು. ಅವಳು ಹೊಡೆದಿದ್ದರೆ ನನಗೆ ಹಗುರವಾಗುತ್ತಿತ್ತು.

ಆಮೇಲೆ ವಿಷಯ ತಿಳಿಯಿತು. ಬೆಳಿಗ್ಗೆ ಹುಟ್ಟಿದ ಕರು ಸಂಜೆಯಾದರೂ ಏಳಲಾರದೆ ಮಲಗೇ ಇತ್ತಂತೆ. ಗಿಣ್ಣು ಕರೆದು ಬಾಯಿಗೆ ಬಿಟ್ಟರೆ ಕಟವಾಯಿಯಿಂದ ಹೊರಗೆ ಹರಿಯಿತಂತೆ. ಸೂರ್ಯ ಮುಳುಗುವ ಹೊತ್ತಿಗೆ ಅಂತೂ ಎದ್ದು ನಿಂತು ಕೆಚ್ಚಲಿನ ಕಡೆ ಬಾಯಿ ಚಾಚಿದೆ. ಸರಿಯಾಗಿ ಅದೇ ಹೊತ್ತಿಗೆ ಹಸು ಕರುವನ್ನು ಒದ್ದು, ಗೂಟಕ್ಕೇ ಜಗ್ಗಿ ಜಗ್ಗಿ, ಕೊನೆಗೆ ಹಗ್ಗ ಕಿತ್ತುಕೊಂಡು ಬಂದಿದೆ.

"ಒಂದು ತೊಟ್ಟು ಇಳಿದಿಲ್ಲ ಅದರ ಹೊಟ್ಟೆಗೆ," ಅಂದಳು ಗಂಗಮ್ಮ. "ಎರಡನ್ನ ಈ ಕೈಲೇ ಮಣ್ಣು ಮಾಡಿವ್ನಿ. ಇದೂ ಹೋದ್ರೆ ನಿನ್ನ ಬುಡಾಕಿಲ್ಲ ಕಣಮ್ಮ, ಎಲ್ಲಿದ್ರೂ ಬಂದು ಕೇಳ್ತೀನಿ."

ಹಸುವನ್ನು ಹಿಡಿಯಲು ಹೋದೆವು. ರತ್ನಮ್ಮ ಹಗ್ಗದ ತುಂಡಿಗೆ ಕೈ ಹಾಕಿದಳು ಅಷ್ಟೇ, ಹಸು ತಲೆ ತಗ್ಗಿಸಿ ಬಂದು ಅವಳನ್ನು ಬೇಲಿಗೆ ಒತ್ತಿಬಿಟ್ಟಿತು. ಕೊಂಬು ಪಕ್ಕೆ ಸವರಿಕೊಂಡು ಹೋಯಿತು, ರವಿಕೆ ಹರಿಯಿತು. ಇನ್ನು ನಾಲ್ಕು ಬೆರಳು ಈ ಕಡೆ ಆಗಿದ್ದರೆ ಅವಳು ಇರುತ್ತಿರಲಿಲ್ಲ. ಗಂಗಮ್ಮ ಹೆಸರು ಹಿಡಿದು ಕರೆದರೆ ಅವಳ ಮೇಲೂ ಬುಸುಗುಟ್ಟಿತು. ರಾಶಿಯ ಹತ್ತಿರ ಯಾರೂ ಹೋಗುವ ಹಾಗಿಲ್ಲ. ಕೆಚ್ಚಲು ಬಿಗಿದು ಮೊಲೆಯಿಂದ ಗಿಣ್ಣು ತಾನೇ ಸೋರಿ ನೆಲಕ್ಕೆ ಬೀಳುತ್ತಿತ್ತು.

ಹಸು ಬರದಿದ್ದರೆ ಕರುವನ್ನೇ ತರಬೇಕು. ಗಂಗಮ್ಮನಿಗೆ ಅಷ್ಟು ಭಾರ ಎತ್ತಲು ಆಗದು, ರತ್ನಮ್ಮ ಪಕ್ಕೆ ಹಿಡಿದು ಕೂತಿದ್ದಳು. ನೀನೇ ಹೋಗು ಅಂತ ಗಂಗಮ್ಮ ಬ್ಯಾಟರಿ ನನ್ನ ಕೈಗೆ ಕೊಟ್ಟಳು.

ತೋಟದ ಮಧ್ಯೆ ಕಾಲುದಾರಿ. ಒಂದು ಫರ್ಲಾಂಗ್ ಇರಬಹುದು. ಹೋಗುವಾಗ ಏನೂ ಆಗಲಿಲ್ಲ. ಕೊಟ್ಟಿಗೆಯಲ್ಲಿ ಕರು ಹುಲ್ಲಿನ ಮೇಲೆ ಕತ್ತು ಚಾಚಿ ಬಿದ್ದಿತ್ತು. ಹಣೆಯ ಮೇಲೆ ಕೈಯಿಟ್ಟರೆ ತಣ್ಣಗೆ. ಸತ್ತೇಹೋಯಿತು ಅಂದುಕೊಂಡೆ. ಆಮೇಲೆ ಕಿವಿ ಅಲ್ಲಾಡಿತು. ದೇವರೇ ಅಂತ ಅಂದು ಎರಡೂ ಕೈಯಲ್ಲಿ ಎತ್ತಿ ಎದೆಗೆ ಅವುಚಿಕೊಂಡೆ. ಬ್ಯಾಟರಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೆ.

ವಾಪಸು ಬರುವಾಗ ಅರ್ಧ ದಾರಿಯಲ್ಲಿ ಹಿಂದೆ ಸದ್ದು.

ಒಣಗಿದ ಎಲೆಯ ಮೇಲೆ ಹೆಜ್ಜೆ. ನಾನು ನಿಂತೆ, ಅದೂ ನಿಂತಿತು. ನಡೆದೆ, ಅದೂ ನಡೆಯಿತು. ನಾಯಿ ಇರಬೇಕು, ಮಾಸಿನ ವಾಸನೆಗೆ ಬಂದಿದೆ ಅಂದುಕೊಂಡೆ. ಆದರೆ ನಾಯಿಯ ಹೆಜ್ಜೆ ಹಾಗಿರುವುದಿಲ್ಲ. ಎರಡು ಹೆಜ್ಜೆ ಇಡುವುದು, ಮುಗ್ಗರಿಸುವುದು, ಧೊಪ್ಪನೆ ಮಂಡಿ ಊರುವುದು, ಮತ್ತೆ ಏಳುವುದು... ನಡೆಯಲು ಈಗ ಕಲಿಯುತ್ತಿರುವ ಹಾಗೆ. ಆ ಗಿಣ್ಣಿನ ವಾಸನೆ ಕತ್ತಿನ ಹಿಂದೆಯೇ ಬರುತ್ತಿತ್ತು.

ತಿರುಗಿ ನೋಡಲಿಲ್ಲ. ಬಾಯಲ್ಲಿ ಬ್ಯಾಟರಿ ಇದ್ದದ್ದರಿಂದ ಬೈಯಲೂ ಆಗಲಿಲ್ಲ. ನನ್ನ ತೋಳಿನಲ್ಲಿದ್ದ ಕರು ಮಾತ್ರ ನನ್ನ ಭುಜದ ಮೇಲಿಂದ ಹಿಂದಕ್ಕೆ ಕತ್ತು ತಿರುಗಿಸಿ ನೋಡುತ್ತಲೇ ಇತ್ತು. ಅದರ ಎದೆ ನನ್ನ ಎದೆಗೆ ಡಬಡಬ ಹೊಡೆದುಕೊಳ್ಳುತ್ತಿತ್ತು. ನನ್ನದೂ ಹಾಗೇ.

ಮರದ ಹತ್ತಿರ ಬಂದಾಗ ಹಸು ನೆಕ್ಕುವುದನ್ನು ನಿಲ್ಲಿಸಿತ್ತು. ರಾಶಿಗೆ ಬೆನ್ನು ಹಾಕಿ, ನಾನು ಬರುವ ದಾರಿಯನ್ನೇ ನೋಡುತ್ತಾ ನಿಂತಿತ್ತು. ನನ್ನನ್ನಲ್ಲ. ನನ್ನ ಹಿಂದೆ.

ರಾಶಿಯ ನಡುವೆ ಒಂದು ಗುಂಡಿ ಬಿದ್ದಿತ್ತು. ಕೊಟ್ಟಿಗೆಯ ಹುಲ್ಲಿನಲ್ಲಿ ಕರು ಮಲಗಿ ಎದ್ದು ಹೋದರೆ ಬೀಳುತ್ತದಲ್ಲ, ಅಂಥ ಗುಂಡಿ.

ರತ್ನಮ್ಮ ಅಳುತ್ತಿದ್ದಳು. "ನೀನು ಆ ಕಡೆ ಹೋದ ಮ್ಯಾಲೆ ಎದ್ದೋಯ್ತು ಅಕ್ಕ," ಅಂದಳು. ಏನು ಎದ್ದುಹೋಯಿತು ಅಂತ ಕೇಳಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆ ಅಲ್ಲಾಡಿಸಿದಳು.

ಕರುವನ್ನು ಹಸುವಿನ ಮುಂದೆ ಇಳಿಸಿದೆ. ಮೂಸಿ ನೋಡಿ ಹಣೆಯಿಂದ ದೂಡಿಬಿಟ್ಟಿತು. ಕರು ಉರುಳಿತು, ಎದ್ದಿತು, ಹಸು ಮತ್ತೆ ದೂಡಿತು. ಎರಡನೇ ಸಲ ಅದು ಏಳಲಿಲ್ಲ. ಗಂಗಮ್ಮ ಅಲ್ಲೇ ಕುಸಿದು ಕೂತಳು.

ಹಸು ಕರುವನ್ನು ಸೇರಿಸದಿದ್ದರೆ ಅದರ ಮೈಗೆ ಮಾಸಿನ ನೀರು ಸವರುವುದುಂಟು. ವಾಸನೆ ಹಿಡಿದು ನೆಕ್ಕಲಿ ಅಂತ. ಅದು ನೆನಪಿಗೆ ಬಂದದ್ದೇ ತಡ, ನಾನು ರಾಶಿಗೆ ಎರಡೂ ಕೈ ಹಾಕಿದೆ. ಚೂರು ಮೈ ಬಿಸಿಯಷ್ಟು ಬಿಸಿ ಇತ್ತು. ಒದ್ದೆ ಇತ್ತು. ಬೊಗಸೆಯಲ್ಲಿ ತುಂಬಿಕೊಂಡು ಬಂದು ಕರುವಿನ ಬೆನ್ನಿಗೆ, ಹೊಟ್ಟೆಗೆ, ಮುಖಕ್ಕೆ ತಿಕ್ಕಿದೆ. ತಪ್ಪಾಯಿತು, ತಪ್ಪಾಯಿತು ಅಂತ ಬಾಯಲ್ಲಿ ಬರುತ್ತಿತ್ತು. ಯಾರಿಗೆ ಹೇಳುತ್ತಿದ್ದೆನೋ ನನಗೇ ಗೊತ್ತಿಲ್ಲ.

ಹಸು ಬಗ್ಗಿತು. ಮೂಸಿತು. ನಾಲಿಗೆ ಹೊರಗೆ ಬಂತು.

ನೆಕ್ಕಿ ನೆಕ್ಕಿ ಆ ಕರುವನ್ನು ಎಬ್ಬಿಸಿತು ಕಣ್ರೀ. ಗಂಗಮ್ಮ ಅದರ ಬಾಯಿಯನ್ನು ಮೊಲೆಗೆ ಹಿಡಿದಳು. ಮೊದಲು ಜಾರಿತು, ಆಮೇಲೆ ಕಚ್ಚಿತು, ಆಮೇಲೆ ಚಪ್ಪರಿಸುವ ಸದ್ದು. ಬಾಲ ಅಲ್ಲಾಡಿತು. ನಾನು ಗಳಗಳ ಅತ್ತುಬಿಟ್ಟೆ. ಗಂಗಮ್ಮ ಕರುವಿನ ಹೊಟ್ಟೆ ಸವರುತ್ತಾ, ಕುಡಿ ಕಂದ, ಕುಡಿ ಅಂತ ಮೆಲ್ಲಗೆ ಅನ್ನುತ್ತಿದ್ದಳು. ಅವಳೂ ಅಳುತ್ತಿದ್ದಳು.

ಹೊಟ್ಟೆ ತುಂಬಿದ ಮೇಲೆ ಕರು ಮೊಲೆ ಬಿಟ್ಟಿತು. ಬಾಯಿಯ ಸುತ್ತ ನೊರೆ. ಗಂಗಮ್ಮನ ಮಡಿಲಿಗೆ ತಲೆ ಹಾಕಿ ಮಲಗಿತು.

ಚಪ್ಪರಿಸುವ ಸದ್ದು ನಿಲ್ಲಲಿಲ್ಲ.

ನಾವು ಮೂವರೂ ಅಲ್ಲಾಡದೆ ಕೂತೆವು. ಸದ್ದು ಹಸುವಿನ ಆ ಕಡೆಯಿಂದ ಬರುತ್ತಿತ್ತು. ನಾನು ಕೂತಲ್ಲಿಂದಲೇ ಬಗ್ಗಿ, ಹೊಟ್ಟೆಯ ಕೆಳಗೆ ಬ್ಯಾಟರಿ ಬಿಟ್ಟೆ. ಆ ಕಡೆ ಏನೂ ಇರಲಿಲ್ಲ. ನೆಲ ಇತ್ತು, ಚದುರಿದ ಚೂರು ಇತ್ತು. ಕೆಚ್ಚಲಿನ ಆ ಬದಿಯ ಎರಡು ಮೊಲೆಗಳು ಮಾತ್ರ... ಒಂದು ಬಿಗಿದು ಕೆಳಕ್ಕೆ ಎಳೆದುಕೊಂಡಿತ್ತು. ಎಳೆಯುವುದು, ಬಿಡುವುದು. ಬಿಟ್ಟಾಗ ತುದಿಯಲ್ಲಿ ನೊರೆ. ನಡುವೆ ಒಂದೊಂದು ಸಲ ಕೆಚ್ಚಲು ಇಡಿಯಾಗಿ ಮೇಲಕ್ಕೆ ಹಾರುತ್ತಿತ್ತು, ಹಾಲು ಇಳಿಯಲಿ ಅಂತ ಕರು ಮೂತಿಯಿಂದ ಗುದ್ದುತ್ತದಲ್ಲ ಹಾಗೆ. ಹಸು ಕತ್ತು ಹಿಂದಕ್ಕೆ ತಿರುಗಿಸಿ, ನೆಲದಿಂದ ಎರಡು ಅಡಿ ಎತ್ತರದಲ್ಲಿ, ಬರೀ ಗಾಳಿಯನ್ನು ನೆಕ್ಕುತ್ತಿತ್ತು.

ಗಂಗಮ್ಮ ಬಹಳ ಹೊತ್ತು ನೋಡಿದಳು. ಆಮೇಲೆ ಏಳುತ್ತಾ, ತನಗೆ ತಾನೇ ಹೇಳಿಕೊಂಡ ಹಾಗೆ, "ಎರಡಾದ್ವು," ಅಂದಳು.

ನಾನು ಕರುವನ್ನು ಎತ್ತಿಕೊಂಡು ಅವಳ ಕೊಟ್ಟಿಗೆಗೆ ತಲುಪಿಸಿದೆ. ಹಸು ಹಿಂದೆಯೇ ಬಂತು. ಎರಡೆರಡು ಸಲ ನಿಂತು, ಹಿಂದೆ ಉಳಿದದ್ದಕ್ಕೆ ಕಾದು, ಹೂಂಕರಿಸಿ ಕರೆದುಕೊಂಡು ಬಂತು.

ಮರುದಿನ ನಾವು ಗೊರವನಹಳ್ಳಿಗೆ ಹೋಗಲಿಲ್ಲ. ರತ್ನಮ್ಮ ಆಮೇಲೆ ಮಿಷನ್ ಹತ್ತಿರ ಬರಲೇ ಇಲ್ಲ, ಈಗ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಅವಳು ಅವತ್ತು ರಾಶಿಯಲ್ಲಿ ನೋಡಿದ್ದು ಏನು ಅಂತ ನಾನು ಎರಡು ಸಲ ಕೇಳಿದೆ. ಎರಡನೇ ಸಲ ಅವಳು, ಇನ್ನೊಂದು ಸಲ ಕೇಳಿದರೆ ನಿನ್ನ ಮನೆ ಹೊಸ್ತಿಲು ತುಳಿಯಲ್ಲ ಅಂದಳು. ತಿಪ್ಪೇಸ್ವಾಮಿ ಮಾತ್ರ ಊರೆಲ್ಲ ನಮ್ಮನ್ನು ಆಡಿಕೊಂಡ, ಮುಗಿಸಿದ ಕೆಲಸವನ್ನೇ ಹೆಂಗಸರು ಅರ್ಧಕ್ಕೆ ಬಿಟ್ಟು ಹೋದರು ಅಂತ.

ಕರು ಬದುಕಿತು. ನಾನು ಹೋಗಿ ನೋಡಿಕೊಂಡು ಬರುತ್ತಿದ್ದೆ, ಬೂಸಾ ಹಿಂಡಿ ಕೊಟ್ಟು ಬರುತ್ತಿದ್ದೆ. ಗಂಗಮ್ಮ ಅದನ್ನು ಇಸಿದುಕೊಳ್ಳುತ್ತಿದ್ದಳು, ಕೂರು ಅಂತ ಮಾತ್ರ ಒಂದು ದಿನವೂ ಹೇಳಲಿಲ್ಲ. ಹಸುವಿನ ಒಂದು ಬದಿಯ ಎರಡು ಮೊಲೆಯಲ್ಲಿ ಯಾವತ್ತೂ ಹಾಲು ಸಿಗಲಿಲ್ಲ. ದನದ ಡಾಕ್ಟರು ಬಂದು ಒತ್ತಿ ನೋಡಿ, ರೋಗ ಏನೂ ಇಲ್ಲ, ಕರು ಕುಡಿದು ಖಾಲಿ ಮಾಡಿದೆ, ಕಟ್ಟಿಹಾಕಿ ಅಂದರಂತೆ. ಕರು ಕಟ್ಟಿಯೇ ಇತ್ತು. ಆಮೇಲಾಮೇಲೆ ನಾನು ಹೋಗುವುದನ್ನು ಕಡಿಮೆ ಮಾಡಿದೆ, ಯಾಕೆಂದರೆ ಒಂದು ಸಂಜೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತಾಗ, ಏನೋ ಒಂದು ಬಂದು ನನ್ನ ಅಂಗೈಯನ್ನು ಒದ್ದೆ ಮೂಗಿನಿಂದ ಮೂಸಿ ಹೋಯಿತು. ಕರು ಆಗ ಅಂಗಳದಲ್ಲಿ ಗಂಗಮ್ಮನ ಹತ್ತಿರ ಇತ್ತು.

ಹೋದ ವಾರ ಗಂಗಮ್ಮ ಫೋನ್ ಮಾಡಿದಳು. ತಾನಾಗಿ ಮಾಡಿದ್ದು ಅದೇ ಮೊದಲು. ಹಸು ಮತ್ತೆ ಗಬ್ಬವಾಗಿದೆ, ಹಾಲು ಬತ್ತಿತು ಅಂದಳು. ಕರುವಿಗೆ ಯೋಚನೆ ಇಲ್ಲ, ಅದು ಹುಲ್ಲು ತಿನ್ನುತ್ತದೆ ಅಂದಳು. ಅವಳ ಹಿಂದೆ ಹಸು ಬಿಟ್ಟೂ ಬಿಡದೆ ಕೂಗುತ್ತಿತ್ತು.

"ಇನ್ನೊಂದು ಐತಲ್ಲ, ಅದು ಹುಲ್ಲು ಮೂಸಿಯೂ ನೋಡಾಕಿಲ್ಲ ಕಣಮ್ಮ," ಅಂದಳು. "ಮೂರು ದಿನ ಬರೀ ಮೊಲೆ ಎಳೆದಾಡ್ತು. ನಿನ್ನೆ ರಾತ್ರಿಯಿಂದ ಕೊಟ್ಟಿಗೇಲಿ ಇಲ್ಲ. ನಿನ್ನ ಕಡೆ ಏನಾದ್ರೂ ಬಂತಾ?"

ಇಲ್ಲ ಅಕ್ಕಾ ಅಂದೆ. ಬಂದರೆ ಹೇಳು ಅಂತ ಅವಳು ಫೋನ್ ಇಟ್ಟಳು.

ಇಲ್ಲ ಅಂದದ್ದು ನಿಜ. ಇಲ್ಲಿಯವರೆಗೆ ಬಂದಿಲ್ಲ. ಬಂದರೆ ಅದಕ್ಕೆ ಏನು ಕೊಡಬೇಕು ಅಂತ ನನಗೂ ಗೊತ್ತಿಲ್ಲ.